ಮದ್ದು ಹೇಳುವವನೂ ಸಾಕ್ಷಿಯೇ



ಇಶಾ ನಮಾಝ್ ಮುಗಿದ ಮೇಲೆ ನಮ್ಮ ದಿಗ್ಗೇವಾಡಿಯ ಮಸೀದಿಯ ಕಟ್ಟೆಯಲ್ಲಿ ನಾಲ್ಕು ಜನ ಕುಳಿತರೆಂದರೆ ಯಾರಾದರೊಬ್ಬರು ತಮ್ಮ ಕಾಯಿಲೆಯ ಮಾತನ್ನೆತ್ತುತ್ತಾರೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ. ಅವರ ಮಾತು ಮುಗಿಯುವ ಮೊದಲೇ ಉಳಿದವರ ಬಾಯಿಂದ ಒಂದೊಂದು ಮದ್ದು ಹೊರಬೀಳುತ್ತದೆ. ಒಬ್ಬರು ಸಂತೆಯಲ್ಲಿ ಸಿಗುವ ಬೇರಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಸಕ್ಕರೆಯಂಥ ಬಿಳಿ ಗುಳಿಗೆ ಕೊಡುವವರ ಊರು ಹೇಳುತ್ತಾರೆ, ಮತ್ತೊಬ್ಬರು ಮೊಬೈಲಿಗೆ ಬಂದ ಸಂದೇಶವನ್ನು ಓದಿ ತೋರಿಸುತ್ತಾರೆ. “ನನಗ ಗುಣಾ ಆಗೇತಿ, ನೀವೂ ತೊಗೊಂಡು ನೋಡ್ರಿ” ಎಂಬ ಒಂದೇ ಮಾತು ಎಲ್ಲದಕ್ಕೂ ಪ್ರಮಾಣಪತ್ರ.

ಇದರಲ್ಲಿ ಕೆಟ್ಟ ಉದ್ದೇಶವಿಲ್ಲ. ಸೋದರನ ನೋವು ಕಡಿಮೆಯಾಗಲಿ ಎಂಬ ಹಂಬಲವೇ ಇದೆ. ಆದರೆ ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಹೇಳಿದ ಮಾತು ಸತ್ಯವಾಗುವುದಿಲ್ಲ. ಸಾಕ್ಷ್ಯವೆಂದರೆ ಕೋರ್ಟು ಕಚೇರಿಗಳಿಗೆ ಸೇರಿದ ವಿಷಯವೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ, ಒಬ್ಬ ರೋಗಿಯ ಮುಂದೆ “ಇದರಿಂದ ಗುಣವಾಗುತ್ತದೆ” ಎಂದು ಹೇಳುವುದೂ ಸಾಕ್ಷ್ಯವೇ. ಅದನ್ನು ನಂಬಿ ಅವನು ತನ್ನ ದೇಹವನ್ನೇ ಒಪ್ಪಿಸುತ್ತಾನೆ. ತನಗೆ ಅರಿವಿಲ್ಲದ್ದರ ಬೆನ್ನುಹತ್ತಬಾರದು, ಕಿವಿ, ಕಣ್ಣು ಮತ್ತು ಹೃದಯ ಈ ಮೂರರ ಕುರಿತೂ ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯವು ಎಚ್ಚರಿಸುತ್ತದೆ. ಈ ಎಚ್ಚರಿಕೆ ಮದ್ದಿನ ಮಾತಿಗೂ ಅನ್ವಯಿಸುತ್ತದೆ ಎಂಬುದನ್ನು ನಾನು ಕಿತಾಬುಗಳಿಂದ ಕಲಿಯಲಿಲ್ಲ. ನನ್ನ ತಾಯಿಯ ಕಾಲಿನಿಂದ ಕಲಿತೆ.

ನಾನು ಕೊಟ್ಟ ಸಾಕ್ಷ್ಯ

ಕೆಲವು ವರ್ಷಗಳ ಹಿಂದೆ ನನಗೆ ಬೆಳಗಾದರೆ ಸೀನು, ಮೂಗು ಸೋರುವುದು. ಕಬ್ಬು ಕಡಿಯುವ ಕಾಲದ ಧೂಳಿಗೆ ಅದು ಹೆಚ್ಚಾಗುತ್ತಿತ್ತು. ಯಾರೋ ಹೇಳಿದರೆಂದು ಪಕ್ಕದ ಪಟ್ಟಣದಲ್ಲಿ ಬಿಳಿ ಗುಳಿಗೆ ಕೊಡುವವರೊಬ್ಬರ ಹತ್ತಿರ ಹೋದೆ. ಅರ್ಧ ತಾಸು ಕೂರಿಸಿಕೊಂಡು ನನ್ನ ನಿದ್ದೆ, ಊಟ, ಸಿಟ್ಟು, ಕನಸು ಎಲ್ಲವನ್ನೂ ವಿಚಾರಿಸಿದರು. ಎರಡು ತಿಂಗಳಲ್ಲಿ ಸೀನು ನಿಂತಿತು. ಅಷ್ಟರಲ್ಲಿ ಕಬ್ಬಿನ ಹಂಗಾಮೂ ಮುಗಿದಿತ್ತು. ಆದರೆ ಅದು ನನಗೆ ಹೊಳೆಯಲಿಲ್ಲ. ಹೋದಲ್ಲಿ ಬಂದಲ್ಲಿ ಆ ಗುಳಿಗೆಯನ್ನು ಹೊಗಳಿದೆ. ಮದರಸದಲ್ಲಿ ಓದಿದವನು, ಮಕ್ಕಳಿಗೆ ಪಾಠ ಹೇಳುವವನು ಎಂದು ನನ್ನ ಮಾತಿಗೆ ಊರಲ್ಲಿ ಸ್ವಲ್ಪ ತೂಕವಿತ್ತು. ಆ ತೂಕವನ್ನೂ ಗುಳಿಗೆಯ ತಕ್ಕಡಿಗೆ ಹಾಕಿದೆ.

ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಸರ್ಕಾರಿ ದವಾಖಾನೆಯ ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದರು. ನಾನೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಇಂಗ್ಲಿಷ್ ಮಾತ್ರೆ ನಿಲ್ಲಿಸಿದರೆ ಮಾತ್ರ ಈ ಔಷಧ ಹತ್ತುತ್ತದೆ ಎಂದು ಅವರು ಹೇಳಿದರು. ತಾಯಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಚಪ್ಪಲಿ ಕಚ್ಚಿ ಕಾಲಬೆರಳ ಸಂದಿಯಲ್ಲಿ ಒಂದು ಗುಳ್ಳೆ ಎದ್ದಿತ್ತು. ನೋವಿರಲಿಲ್ಲವಾದ್ದರಿಂದ ನಾವು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ನರಗಳು ಮಂದವಾಗುತ್ತವೆ, ರಕ್ತದ ಓಟ ಕಡಿಮೆಯಾಗುತ್ತದೆ. ಆದ್ದರಿಂದ ನೋವಿಲ್ಲದ ಗಾಯವೇ ಹೆಚ್ಚು ಅಪಾಯದ್ದು ಎಂದು ಆಗ ತಿಳಿದಿರಲಿಲ್ಲ. ನಲವತ್ತು ದಿನ ಕಳೆಯುವಷ್ಟರಲ್ಲಿ ಬೆರಳು ಕಪ್ಪಾಯಿತು, ಜ್ವರ ಏರಿತು. ರೈಲಿನಲ್ಲಿ ಮಿರಜಿಗೆ ಕರೆದುಕೊಂಡು ಹೋದೆವು. ಮೊಣಕಾಲ ಕೆಳಗಿನ ಭಾಗವನ್ನು ತೆಗೆಯಬೇಕಾಯಿತು.

ಮಾತ್ರೆ ನಿಲ್ಲಿಸಲು ಹೇಳಿದವರು ಯಾರು ಎಂದು ಡಾಕ್ಟರರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ತಾಯಿ ಉತ್ತರ ಕೊಟ್ಟರು: “ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ.” ಮಗನ ಮಾನ ಉಳಿಸಲು ಆ ತಾಯಿ ಹೇಳಿದ ಮಾತದು. ನಾನು ಸುಮ್ಮನೆ ನಿಂತಿದ್ದೆ. ಆ ದಿನ ಡಾಕ್ಟರರ ಮುಂದೆ ಹೇಳದೆ ಉಳಿದ ಮಾತನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ

ಗುಣಪಡಿಸುವವನು ಅಲ್ಲಾಹನು ಮಾತ್ರ. ಇದು ನಮ್ಮ ವಿಶ್ವಾಸ. ಆದರೆ ಈ ವಿಶ್ವಾಸವನ್ನು ನೆಪವಾಗಿಸಿ “ಯಾವ ಮದ್ದಾದರೇನು, ಶಿಫಾ ಕೊಡುವವನು ಅವನೇ ತಾನೇ?” ಎನ್ನುವವರಿದ್ದಾರೆ. ಪ್ರವಾದಿ ಮುಹಮ್ಮದ್(ಸ)ರು ಚಿಕಿತ್ಸೆ ಪಡೆಯುವಂತೆ ಆದೇಶಿಸಿದರೆಂದೂ ಮದ್ದಿಲ್ಲದ ರೋಗವನ್ನು, ಮುಪ್ಪೊಂದನ್ನು ಬಿಟ್ಟು, ಅಲ್ಲಾಹನು ಇಟ್ಟಿಲ್ಲವೆಂದು ತಿಳಿಸಿದರೆಂದೂ ಅಬೂದಾವೂದ್ ಮೊದಲಾದ ಹದೀಸ್ ಗ್ರಂಥಗಳಲ್ಲಿದೆ. ಗಾಯಗೊಂಡ ಒಬ್ಬ ವ್ಯಕ್ತಿಗಾಗಿ ಇಬ್ಬರು ವೈದ್ಯರನ್ನು ಕರೆಸಿದಾಗ, ನಿಮ್ಮಲ್ಲಿ ವೈದ್ಯದಲ್ಲಿ ಹೆಚ್ಚು ನುರಿತವರು ಯಾರೆಂದು ಪ್ರವಾದಿವರ್ಯರು(ಸ) ವಿಚಾರಿಸಿದ ಪ್ರಸಂಗ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಶಿಫಾ ಅಲ್ಲಾಹನದೇ ಆದರೂ ವೈದ್ಯರ ನಡುವೆ ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ವಿಚಾರಿಸಿ ತಿಳಿಯಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿಜರಿ 18ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗು ಹಬ್ಬಿದಾಗ ಹ. ಉಮರ್(ರ)ರು ದಾರಿಯಿಂದಲೇ ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಹ. ಅಬೂಉಬೈದಾ(ರ)ರು ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ರೋಗವೂ ವಿಧಿ, ಪರಿಣಾಮಕಾರಿ ಔಷಧವೂ ವಿಧಿ. ಎರಡನೆಯದನ್ನು ಹುಡುಕದೆ ಮೊದಲನೆಯದರ ಮುಂದೆ ಕೈಕಟ್ಟಿ ಕುಳಿತುಕೊಳ್ಳುವುದು ತವಕ್ಕುಲ್ ಅಲ್ಲ.

ಇನ್ನೊಂದು ಮಾತನ್ನು ಬಹಳ ಜನ ಕೇಳಿರಲಿಕ್ಕಿಲ್ಲ. ವೈದ್ಯದ ಅರಿವಿಲ್ಲದೆ ವೈದ್ಯ ಮಾಡುವವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಹದೀಸಿನಲ್ಲಿದೆ. ನಮ್ಮ ಧರ್ಮಶಾಸ್ತ್ರಜ್ಞರು ಇದರ ಆಧಾರದಿಂದಲೇ ಅಂಥವನ ಮೇಲೆ ನಷ್ಟಪರಿಹಾರವನ್ನು ವಿಧಿಸಿದ್ದಾರೆ. ವೈದ್ಯ ಮಾಡುವವನಿಗೇ ಇಷ್ಟು ಹೊಣೆಯಿದ್ದರೆ, ಕಟ್ಟೆಯ ಮೇಲೆ ಕುಳಿತು ಮದ್ದು ಹೇಳುವವನು ತನಗೇನೂ ಸಂಬಂಧವಿಲ್ಲವೆಂದು ಎದ್ದುಹೋಗಬಹುದೇ?

ಬಿಳಿ ಗುಳಿಗೆಯಲ್ಲಿ ಏನಿದೆ?

ಹೋಮಿಯೋಪಥಿಯನ್ನು ಆರಂಭಿಸಿದವರು ಜರ್ಮನಿಯ ಡಾಕ್ಟರ್ ಸ್ಯಾಮ್ಯುವೆಲ್ ಹಾನೆಮನ್ (1755–1843). ಅವರು 1796ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು, 1810ರಲ್ಲಿ ಗ್ರಂಥ ಬರೆದರು. ಆರೋಗ್ಯವಂತನಲ್ಲಿ ಯಾವ ವಸ್ತು ಒಂದು ರೋಗದ ಲಕ್ಷಣಗಳನ್ನು ಉಂಟುಮಾಡುತ್ತದೋ ಅದೇ ವಸ್ತು ಅಲ್ಪ ಪ್ರಮಾಣದಲ್ಲಿ ಆ ರೋಗವನ್ನು ವಾಸಿಮಾಡುತ್ತದೆ ಎಂಬುದು ಅವರ ಮೊದಲ ತತ್ವ. ಔಷಧವನ್ನು ತೆಳುಗೊಳಿಸಿ ಕುಲುಕಿದಷ್ಟೂ ಅದರ ಶಕ್ತಿ ಹೆಚ್ಚುತ್ತದೆ ಎಂಬುದು ಎರಡನೆಯದು. ಆ ಕಾಲದ ವೈದ್ಯರು ರೋಗಿಗಳ ರಕ್ತ ಹರಿಸುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಹಾನೆಮನ್‌ರ ಔಷಧ ರೋಗಿಗೆ ತೊಂದರೆಯನ್ನಾದರೂ ಕೊಡುತ್ತಿರಲಿಲ್ಲ. ಅದು ಜನಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಸೀಸೆಯ ಮೇಲಿರುವ “30” ಎಂಬ ಅಂಕಿಯ ಅರ್ಥವನ್ನು ನೋಡೋಣ. ಮೂಲ ಔಷಧದ ಒಂದು ಪಾಲನ್ನು 99 ಪಾಲು ನೀರು ಅಥವಾ ಮದ್ಯಸಾರದಲ್ಲಿ ಬೆರೆಸಿದರೆ ಅದು ಒಂದನೆಯ ಹಂತ. ಅದರ ಒಂದು ಪಾಲನ್ನು ಮತ್ತೆ 99 ಪಾಲಿನಲ್ಲಿ ಬೆರೆಸಿದರೆ ಎರಡನೆಯದು. ಹೀಗೆ ಮೂವತ್ತು ಸಲ. ನಮ್ಮ ಕೃಷ್ಣಾ ನದಿಯನ್ನೇ ಅಳತೆಗೆ ಇಟ್ಟುಕೊಳ್ಳಿ. ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗದಷ್ಟಿರುವ ಒಂದು ಹನಿಯನ್ನು ಒಂಬತ್ತನೆಯ ಹಂತಕ್ಕೆ ಒಯ್ಯಬೇಕಾದರೆ ಸುಮಾರು 1,760 ಟಿ.ಎಂ.ಸಿ. ನೀರು ಬೇಕು. ತುಂಬಿದ ಆಲಮಟ್ಟಿ ಜಲಾಶಯದಲ್ಲಿ ನಿಲ್ಲುವುದು ಸುಮಾರು 123 ಟಿ.ಎಂ.ಸಿ. ಅಂದರೆ ಹದಿನಾಲ್ಕು ಆಲಮಟ್ಟಿಗಳಲ್ಲಿ ಒಂದು ಹನಿ! ಹದಿಮೂರನೆಯ ಹಂತಕ್ಕೆ ಭೂಮಿಯ ಮೇಲಿನ ಸಮುದ್ರಗಳೆಲ್ಲ ಸೇರಿದರೂ ಸಾಲದು. ಮೂವತ್ತನೆಯದು ಇನ್ನೂ ಹದಿನೇಳು ಮೆಟ್ಟಿಲು ಮೇಲೆ. ಯಾವುದೇ ವಸ್ತುವಿನ ಅಣುಗಳಿಗೆ ಒಂದು ಲೆಕ್ಕವಿದೆ. ಹನ್ನೆರಡನೆಯ ಹಂತ ದಾಟಿದ ಮೇಲೆ ಸೀಸೆಯಲ್ಲಿ ಮೂಲ ಔಷಧದ ಒಂದು ಅಣುವಾದರೂ ಉಳಿದಿರುವ ಸಂಭವವೇ ಇಲ್ಲದಂತಾಗುತ್ತದೆ. ಉಳಿಯುವುದು ಸಕ್ಕರೆ ಮಾತ್ರ. ಕೆಳಗಿನ ಹಂತದ ಔಷಧಗಳಲ್ಲಿ ಮತ್ತು ಮದರ್ ಟಿಂಕ್ಚರ್‌ಗಳಲ್ಲಿ ವಸ್ತು ಇರುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ವಸ್ತು ಇದ್ದಲ್ಲಿ ಅದು ಗುಣಪಡಿಸುತ್ತದೆಯೇ, ಹಾನಿ ಮಾಡುತ್ತದೆಯೇ ಎಂದು ಪರೀಕ್ಷಿಸಲೇಬೇಕು.

ಪರೀಕ್ಷೆ ನಡೆದಿಲ್ಲವೆಂದಲ್ಲ. ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ಹೋಮಿಯೋಪಥಿ ಪರಿಣಾಮಕಾರಿ ಎಂಬುದಕ್ಕೆ ಯಾವೊಂದು ರೋಗದಲ್ಲಿಯೂ ವಿಶ್ವಾಸಾರ್ಹ ಪುರಾವೆಯಿಲ್ಲವೆಂದು 2015ರಲ್ಲಿ ವರದಿ ಕೊಟ್ಟಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯು ಇದನ್ನು ಬರೆದುಕೊಡಬಾರದೆಂದು 2017ರಲ್ಲಿ ತನ್ನ ವೈದ್ಯರಿಗೆ ಸೂಚಿಸಿತು. “ನಮ್ಮ ಸರ್ಕಾರವೇ ಮನ್ನಣೆ ಕೊಟ್ಟಿದೆಯಲ್ಲ, ಬೆಳಗಾವಿಯಲ್ಲಿ ಕಾಲೇಜುಗಳಿವೆಯಲ್ಲ, 2020ರ ಕೊರೋನಾ ಕಾಲದಲ್ಲಿ ಆರ್ಸೆನಿಕಮ್ ಆಲ್ಬಮ್ 30 ಹಂಚಿದರಲ್ಲ?” ಎಂದು ನೀವು ಕೇಳಬಹುದು. ಹೌದು. ಆದರೆ ವೃತ್ತಿ ನಡೆಸಲು ಪರವಾನಗಿ ಇದೆ ಎಂಬುದು ಒಂದು ಮಾತು, ಔಷಧದಿಂದ ಗುಣವಾಗುತ್ತದೆ ಎಂಬುದು ಇನ್ನೊಂದು ಮಾತು. ಮೊದಲನೆಯದು ಎರಡನೆಯದಕ್ಕೆ ಸಾಕ್ಷಿಯಾಗುವುದಿಲ್ಲ.

“ನನಗೆ ಗುಣವಾಯಿತಲ್ಲ?”

ಇದೇ ಎಲ್ಲಕ್ಕಿಂತ ಗಟ್ಟಿಯಾದ ವಾದ. ನನ್ನದೂ ಇದೇ ವಾದವಾಗಿತ್ತು. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಆ ಮರಣದಿಂದಲೇ ಗ್ರಹಣವಾಯಿತೆಂದು ಜನ ಮಾತಾಡಿಕೊಂಡರು. ಯಾವ ಸುಳ್ಳು ನಾಯಕನಿಗೂ ಅಂಥ ಮಾತು ಸಿಹಿಯಾಗಿರುತ್ತಿತ್ತು. ಆದರೆ ಪ್ರವಾದಿ(ಸ)ರು ಮಗನನ್ನು ಮಣ್ಣುಮಾಡಿದ ದುಃಖದಲ್ಲಿಯೂ, ಯಾರ ಹುಟ್ಟು ಸಾವಿಗೂ ಗ್ರಹಣವಾಗುವುದಿಲ್ಲವೆಂದು ಜನರನ್ನು ತಿದ್ದಿದರು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದಾಯಿತೆಂದು ಹೇಳಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ನೆಗಡಿ ತಾನಾಗಿಯೇ ಹೋಗುತ್ತದೆ. ಮಂಡಿನೋವು ಏರುತ್ತದೆ, ಇಳಿಯುತ್ತದೆ. ನೋವು ವಿಪರೀತವಾದಾಗಲೇ ನಾವು ಮದ್ದಿಗೆ ಓಡುವುದರಿಂದ, ಅದು ತಾನಾಗಿ ಇಳಿದರೂ ಹೆಸರು ಮದ್ದಿಗೆ ಬರುತ್ತದೆ. ನೀರಿನಿಂದ ಹರಡುವ ಕಾಮಾಲೆ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ. ಕೀರ್ತಿ ನಾಟಿ ಸೊಪ್ಪಿಗೆ. ಕಬ್ಬಿನ ತೋಟದಲ್ಲಿ ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಮಂತ್ರ ಹಾಕಿಸಿಕೊಂಡು ಬದುಕಿದವರ ಕಥೆ ಊರೆಲ್ಲ ಹಬ್ಬುತ್ತದೆ. ಮಂತ್ರದ ಮನೆಯಲ್ಲಿ ಹೊತ್ತು ಕಳೆದು ಸತ್ತವನು ಕಥೆ ಹೇಳಲು ಬರುವುದಿಲ್ಲ. ಹೀಗೆ ನಮ್ಮ ಕಿವಿಗೆ ಬೀಳುವ ಸಾಕ್ಷ್ಯವೆಲ್ಲ ಒಂದೇ ಪಕ್ಷದ್ದು. ಒಂದೇ ಪಕ್ಷದ ಮಾತು ಕೇಳಿ ತೀರ್ಪು ಕೊಡುವ ಕಾಝಿಯನ್ನು ನಾವು ಒಪ್ಪುತ್ತೇವೆಯೇ?

ಎರಡೂ ಪಕ್ಷವನ್ನು ಕೇಳುವ ದಾರಿ ನಮಗೆ ಹೊಸದಲ್ಲ. ರಯ್ ಪಟ್ಟಣದ ವೈದ್ಯ ಅಬೂಬಕರ್ ಅಲ್‌ರಾಝಿ ಸಾವಿರದ ನೂರು ವರ್ಷಗಳ ಹಿಂದೆಯೇ, ಮಿದುಳಿನ ಪೊರೆಯ ಊತವೆಂದು ಅನುಮಾನವಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಯದೆ ಬಿಟ್ಟು, ಎರಡನ್ನೂ ಹೋಲಿಸಿದ್ದನ್ನು ಬರೆದಿಟ್ಟಿದ್ದಾರೆ. ರಕ್ತ ತೆಗೆಯುವುದು ಒಳ್ಳೆಯದೆಂಬ ಅವರ ತೀರ್ಮಾನವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಔಷಧ ಪಡೆಯದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಅವರ ದಾರಿಯನ್ನೇ ಇಂದು ಲೋಕವೆಲ್ಲ ಹಿಡಿದಿದೆ. ಇಬ್ನು ಸೀನಾ ಕೂಡ ತಮ್ಮ ‘ಕಾನೂನ್’ ಗ್ರಂಥದಲ್ಲಿ ಔಷಧವನ್ನು ಪರೀಕ್ಷಿಸಲು ನಿಯಮಗಳನ್ನು ಹಾಕಿಕೊಟ್ಟಿದ್ದಾರೆ.

ನಮ್ಮವರದು ಎಂಬ ಅಭಿಮಾನ

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಹೋಮಿಯೋಪಥಿಗೆ ಹಿಡಿದ ಅಳತೆಗೋಲನ್ನು ನಾವು ಮನೆಯ ಮದ್ದಿಗೆ ಹಿಡಿಯದಿದ್ದರೆ ಅದು ನ್ಯಾಯವಲ್ಲ. ಯುನಾನಿ ನಮ್ಮ ಹಕೀಮರದು ಎಂದು ನಮಗೆ ಅಭಿಮಾನ. ಆದರೆ ರಾಝಿ ತಮಗಿಂತ ಹಿಂದಿನ ಮಹಾವೈದ್ಯ ಜಾಲೀನೂಸನ ಮೇಲೆ ಸಂದೇಹಗಳನ್ನೆತ್ತಿ ಒಂದು ಗ್ರಂಥವನ್ನೇ ಬರೆದವರು. ಅವರ ಹೆಸರು ಹೇಳಿಕೊಂಡು ಪ್ರಶ್ನೆಯನ್ನೇ ಕೇಳಬಾರದೆನ್ನುವುದು ಅವರಿಗೆ ಕೊಡುವ ಗೌರವವಲ್ಲ.

ಜೇನುತುಪ್ಪ, ಕಲೌಂಜಿ, ಹಿಜಾಮಾಗಳ ವಿಷಯವೂ ಇದೆ. ಜೇನಿನಲ್ಲಿ ಶಿಫಾ ಇದೆಯೆಂಬುದನ್ನು ನಾವು ನಂಬುತ್ತೇವೆ. ಆದರೆ ಕಲೌಂಜಿಯ ಹದೀಸನ್ನು ವಿವರಿಸುವಾಗ, ಅದು ಒಂದು ಬಗೆಯ ರೋಗಗಳಿಗೆ ಅನ್ವಯಿಸುವ ಮಾತೆಂದು ಇಮಾಮ್ ಖತ್ತಾಬಿಯಂಥ ವಿದ್ವಾಂಸರೇ ಹೇಳಿದ್ದಾರೆ. ಖರ್ಜೂರದ ಪರಾಗಸ್ಪರ್ಶದ ವಿಷಯದಲ್ಲಿ, ಲೌಕಿಕ ವ್ಯವಹಾರಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂದು ಪ್ರವಾದಿ(ಸ)ರು ತೋಟಗಾರರಿಗೆ ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹೀಗಿರುವಾಗ, ಕಲೌಂಜಿ ಎಣ್ಣೆಯ ಸೀಸೆಗೆ ಹದೀಸಿನ ಚೀಟಿ ಅಂಟಿಸಿ ಕ್ಯಾನ್ಸರಿಗೂ ಸಕ್ಕರೆ ಕಾಯಿಲೆಗೂ ಮಾರುವವನು ಪ್ರವಾದಿಯವರ(ಸ) ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದಾನೆ. ರೋಗಿ ಸತ್ತರೆ ಜನರ ಸಂದೇಹ ಯಾರ ಮೇಲೆ ಬೀಳುತ್ತದೆ ಎಂದು ಯೋಚಿಸಿ. ಕ್ಯಾನ್ಸರ್, ಮಧುಮೇಹ ಮುಂತಾದ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ನಮ್ಮ ದೇಶದ ಕಾನೂನು ನಿಷೇಧಿಸಿದೆ. ದುಆ ಮಾಡೋಣ, ಜೇನು ಸೇವಿಸೋಣ. ಅವುಗಳನ್ನು ಇನ್ಸುಲಿನ್ನಿನ ಜಾಗದಲ್ಲಿ ಕೂರಿಸದಿರೋಣ. 1922ರಲ್ಲಿ ಟೊರೊಂಟೊ ನಗರದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಡುವ ತನಕ, ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಬಂದ ಮಕ್ಕಳು ತಾಯ್ತಂದೆಯರ ಕಣ್ಣೆದುರೇ ಸೊರಗಿ ಸಾಯುತ್ತಿದ್ದರು. ಅದೂ ಅಲ್ಲಾಹನು ಮನುಷ್ಯನಿಗೆ ಕಲಿಸಿದ ಅರಿವೇ.

“ಅಡ್ಡಪರಿಣಾಮವಿಲ್ಲ” ಎಂಬ ಮಾತು

ಸಕ್ಕರೆ ಗುಳಿಗೆಯಿಂದ ದೇಹಕ್ಕೆ ತೊಂದರೆಯಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಅದರ ಅಡ್ಡಪರಿಣಾಮವೆಂದರೆ ಕಳೆದುಹೋಗುವ ಕಾಲ. ನನ್ನ ತಾಯಿಯ ಕಾಲನ್ನು ತೆಗೆದುಕೊಂಡದ್ದು ಗುಳಿಗೆಯಲ್ಲ, ಆ ನಲವತ್ತು ದಿನಗಳು. ಬೇರು, ಭಸ್ಮ, ಪುಡಿಗಳ ವಿಷಯದಲ್ಲಿ ಇಷ್ಟನ್ನೂ ಹೇಳುವಂತಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂತು.

ಹಾಗಾದರೆ ಜನ ಅಲ್ಲಿಗೆ ಯಾಕೆ ಹೋಗುತ್ತಾರೆ? ಇಲ್ಲಿ ದವಾಖಾನೆಯವರ ತಪ್ಪೂ ಇದೆ. ತಾಸುಗಟ್ಟಲೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ಮುಖವೆತ್ತಿ ನೋಡದೆ ಚೀಟಿ ಬರೆಯುತ್ತಾರೆ. ಖಾಸಗಿಯಲ್ಲಿ ಬಿಲ್ಲಿನ ಭಯ. ಬಿಳಿ ಗುಳಿಗೆಯವರು ಅರ್ಧ ತಾಸು ಕಷ್ಟ ಕೇಳುತ್ತಾರೆ. ಕರಾವಳಿಯ ಓದುಗರಿಗೆ ಮಂಗಳೂರಿನ ಕಂಕನಾಡಿ ಗೊತ್ತು. ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು, 1890ರಲ್ಲಿ ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಆ ಕರುಣೆಯನ್ನು ಯಾವ ಧರ್ಮದವರಾದರೂ ಗೌರವಿಸಬೇಕು. ಆದರೆ ಕುಷ್ಠರೋಗಕ್ಕೆ ಖಚಿತವಾದ ಮದ್ದು ಸಿಕ್ಕಿದ್ದು ಪರೀಕ್ಷೆಯಲ್ಲಿ ಗೆದ್ದ ಮಾತ್ರೆಗಳಿಂದ. ಅವುಗಳನ್ನು ಸೇರಿಸಿ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸಲಹೆ ಮಾಡಿತು. ಮುಲ್ಲರ್‌ರ ಹೆಸರಿನ ಸಂಸ್ಥೆಯಲ್ಲಿಯೂ ಇಂದು ಹೋಮಿಯೋಪಥಿ ಕಾಲೇಜಿನ ಜೊತೆಗೆ ಆಧುನಿಕ ವೈದ್ಯಕೀಯ ಕಾಲೇಜು ಮತ್ತು ದೊಡ್ಡ ಆಸ್ಪತ್ರೆ ಇವೆ. ಕರುಣೆಯಿರುವ ಕೈ ಬೇಕು, ಆ ಕೈಯಲ್ಲಿ ಪರೀಕ್ಷಿತ ಔಷಧವೂ ಇರಬೇಕು.

ನಾವೇನು ಮಾಡಬೇಕು?

ಮೊದಲನೆಯದಾಗಿ, ಸಕ್ಕರೆ, ರಕ್ತದೊತ್ತಡ, ಹೃದಯ, ಮೂರ್ಛೆ ರೋಗಗಳ ಮಾತ್ರೆಯನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಿಲ್ಲಿಸು ಎನ್ನುವವನು ಯಾರೇ ಆಗಲಿ, ಅವನಿಂದ ಎದ್ದು ಬನ್ನಿ.

ಎರಡನೆಯದಾಗಿ, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ನಿಪ್ಪಾಣಿ ಕಡೆಯ ಬೀಡಿ ಕಟ್ಟುವ ಸೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಕ್ಷಯದ ಔಷಧ ಸರ್ಕಾರಿ ದವಾಖಾನೆಯಲ್ಲಿ ಉಚಿತ. ಎರಡು ತಿಂಗಳಲ್ಲಿ ಹಾಯೆನಿಸಿದರೂ ವೈದ್ಯರು ಹೇಳಿದಷ್ಟು ತಿಂಗಳು ನುಂಗಲೇಬೇಕು.

ಮೂರನೆಯದಾಗಿ, ಹಾವು ಕಚ್ಚಿದರೆ ನೇರವಾಗಿ ತಾಲೂಕು ಆಸ್ಪತ್ರೆಗೆ ಹೋಗಿ. ದುಆವನ್ನು ದಾರಿಯಲ್ಲಿ ಗಾಡಿಯೊಳಗೇ ಮಾಡಬಹುದು.

ನಾಲ್ಕನೆಯದಾಗಿ, ಪ್ರತಿ ಜ್ವರಕ್ಕೂ ಸೂಜಿ, ಸಲಾಯಿನ್ ಚುಚ್ಚುವ ಪದವಿಯಿಲ್ಲದ “ಡಾಕ್ಟರ”ರಿಗೂ ಇದೇ ಅಳತೆಗೋಲು ಹಿಡಿಯಿರಿ. ಇಂಗ್ಲಿಷ್ ಔಷಧ ಎಂಬ ಹೆಸರೂ ಸಾಕ್ಷ್ಯವಲ್ಲ.

ಕೊನೆಯದಾಗಿ, ಯಾರಾದರೂ ಮದ್ದು ಕೇಳಿದರೆ “ನನಗೆ ಗೊತ್ತಿಲ್ಲ” ಎನ್ನಲು ಕಲಿಯಿರಿ. ಇಮಾಮ್ ಮಾಲಿಕ್‌ರು ದೀನ್‌ನ ಪ್ರಶ್ನೆಗಳಿಗೇ ಎಷ್ಟೋ ಸಲ ಗೊತ್ತಿಲ್ಲವೆಂದು ಉತ್ತರಿಸುತ್ತಿದ್ದರು. ಇನ್ನೊಬ್ಬರ ದೇಹದ ವಿಷಯದಲ್ಲಿ ನಮಗೆ ಆ ನಾಚಿಕೆ ಏಕೆ?

ನನ್ನ ತಾಯಿ ಈಗ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾರೆ. ಓಣಿಯ ಹೆಂಗಸರು ಬಂದು ಮದ್ದು ಕೇಳುವುದುಂಟು. ಹಿರಿಯರಲ್ಲವೇ, ಏನಾದರೂ ಹೇಳಿಯಾರು ಎಂಬ ಆಸೆ ಅವರಿಗೆ. ತಾಯಿ ಮೊದಲು ಅವರ ಕಷ್ಟವನ್ನು ಪೂರ್ತಿ ಕೇಳುತ್ತಾರೆ, ಚಹಾ ಕೊಡುತ್ತಾರೆ. ಆಮೇಲೆ, “ನನಗ ತಿಳಿಯೂದಿಲ್ಲವ್ವಾ. ದವಾಖಾನಿಗೆ ಹೋಗು, ಒಬ್ಬಾಕಿಗೇ ಹೋಗಾಕ ಅಂಜಿಕಿ ಬಂದ್ರ ನನ್ನ ಮಗಾ ಜೋಡಿ ಬರ್ತಾನ” ಎನ್ನುತ್ತಾರೆ. ನಾನು ಹೋಗುತ್ತೇನೆ. ಸಾಲಿನಲ್ಲಿ ನಿಲ್ಲುತ್ತೇನೆ, ಚೀಟಿ ಓದಿ ಹೇಳುತ್ತೇನೆ. ಹೋದ ಕಾಲಿಗೆ ಇದು ಪರಿಹಾರವಲ್ಲವೆಂದು ನನಗೆ ಗೊತ್ತು.

ನಮಗೆ ಅರಿವಿರುವಷ್ಟಕ್ಕೆ ಮಾತ್ರ ಸಾಕ್ಷಿ ನಿಲ್ಲುವ ಎಚ್ಚರವನ್ನೂ, ತಪ್ಪಾದಾಗ ಒಪ್ಪಿಕೊಳ್ಳುವ ಧೈರ್ಯವನ್ನೂ, ನಮ್ಮ ರೋಗಿಗಳಿಗೆ ಪೂರ್ಣ ಶಿಫಾವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.